ಮೋಟಾರುಗಾಡಿಯ ಹೇಮಂತಚರ್ಯೆ

ಮಹಾನವಮಿಯ ದಿವಸ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೋಟಾರುಗಾಡಿಗೆ ಸಲ್ಲುವ ಮರ್ಯಾದೆಯು ವರ್ಷದ ಮಿಕ್ಕ ಯಾವ ದಿನವೂ ಅದಕ್ಕೆ ಸಲ್ಲುವದಿಲ್ಲ. ಅಂದು ಅದಕ್ಕೆ ಮಂಗಳಸ್ನಾನ, ಹಣೆಗೆ ಅರಿಷಿಣ-ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ, ಗಾಲಿಗಳ ಅಡಿಗೆ ನಿಂಬೆಹಣ್ಣು, ದೃಷ್ಟಿ ನಿವಾಳಿಸಲು ಬೂದುಗುಂಬಳಕಾಯಿ. ಮರುದಿನ ಬನ್ನಿ ಹಂಚಿ ಮುಗಿಯಿತೆಂದರೆ ಆ ಮಾಲೆಯು ಒಣಗಿ ತಾನಾಗಿ ಉದುರಿ ಬೀಳುವವರೆಗೂ ಗಾಡಿಯ ಕಡೆಗೆ ಕಣ್ಣೆತ್ತಿ ನೋಡುವವರಿಲ್ಲ. ಸೀಗೀ ಹುಣ್ಣಿಮೆಯು ಕಳೆದು, ದೀಪಾವಳಿಯು ಕಳೆದು, ಕಾರ್ತಿಕದ ದೀಪಗಳು ಆರುವ ಹೊತ್ತಿಗೆ ಮೂಡಣ ಗಾಳಿಯು ಬೀಸಲಾರಂಭಿಸುತ್ತದೆ. ಮನೆಯವರು ಪೆಟ್ಟಿಗೆಯ ತಳದಿಂದ ಶಾಲು-ಕಂಬಳಿಗಳನ್ನು ತೆಗೆಯುತ್ತಾರೆ. ಮುದುಕರು ಕಿವಿಗೆ ಮಫ್ಲರು ಸುತ್ತುತ್ತಾರೆ. ದನದ ಕೊಟ್ಟಿಗೆಯಿದ್ದವರು ಗೋಣಿತಟ್ಟು ಕಟ್ಟುತ್ತಾರೆ. ಅಂಗಳದಲ್ಲಿ ನಿಂತ ಗಾಡಿಯೊಂದೇ ಇಬ್ಬನಿಯಲ್ಲಿ ತೊಯ್ಯುತ್ತ ನಿಲ್ಲುತ್ತದೆ. ಅದಕ್ಕೂ ಒಂದು ಹೇಮಂತಚರ್ಯೆ ಉಂಟೆಂಬದು ಅನೇಕರಿಗೆ ಹೊಳೆಯುವದಿಲ್ಲ.

“ಧಾರವಾಡದಲ್ಲಿ ಅಂಥ ಚಳಿಯೆಲ್ಲಿದೆ? ಇಲ್ಲೇನು ಹಿಮ ಬೀಳುವದೇ?” ಎಂದು ವಾಚಕರು ಕೇಳಬಹುದು. ಆಕ್ಷೇಪವು ಸಹಜವಾದದ್ದು. ಸಮುದ್ರಮಟ್ಟದಿಂದ 700 ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ಧಾರವಾಡದಲ್ಲಿ ಡಿಸೆಂಬರ-ಜನವರಿ ತಿಂಗಳುಗಳ ಮುಂಜಾವಿನ ಉಷ್ಣತೆಯು ಬಹುತರ 13ರಿಂದ 15 ಅಂಶ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವದು. ಕೆಲವೊಂದು ದಿನ 10ರ ಸಮೀಪಕ್ಕೂ ಇಳಿಯುವದು. ಇದಕ್ಕೆ ಯಾರೂ ಹೆಪ್ಪುಗಟ್ಟಲಾರರು. ಲಡಾಖದಂಥ ಪ್ರದೇಶದ ಮಾತೇ ಬೇರೆ. ಅಲ್ಲಿ ಡೀಜೆಲ್ ಎಣ್ಣೆಯೊಳಗಿನ ಮೇಣದ ಅಂಶವು ಗಟ್ಟಿಯಾಗಿ ಗಾಡಿಗಳು ನಿಂತುಬಿಡುವದರಿಂದ, ಇಂಡಿಯನ್ ಆಯಿಲ್ ಸಂಸ್ಥೆಯವರು 2019ರಲ್ಲಿ ಸೊನ್ನೆಗಿಂತ 33 ಅಂಶ ಕೆಳಗಿನ ಶೀತದಲ್ಲಿಯೂ ಹರಿಯತಕ್ಕ ವಿಶೇಷ ಡೀಜೆಲನ್ನು ಆ ಪ್ರಾಂತಕ್ಕೆ ಒದಗಿಸತೊಡಗಿದರು. ಅಮೇರಿಕೆಯ ಉತ್ತರ ಸೀಮೆಯಲ್ಲಿ ರಾತ್ರಿಯೆಲ್ಲ ವಿದ್ಯುತ್ತಿನ ಕಾವು ಕೊಟ್ಟು ಯಂತ್ರವನ್ನು ಬೆಚ್ಚಗಿಡುವ ಮನೆಗಳುಂಟು. ಅಂಥ ಪರಾಕ್ರಮದ ಚಳಿಯು ಇಲ್ಲಿಲ್ಲವೆಂಬದು ದಿಟ.

ಆದರೆ ವೈರಿಯು ಬಲಾಢ್ಯನಾಗಿದ್ದಲ್ಲಿ ಜನರು ಕೋಟೆ ಕಟ್ಟುತ್ತಾರೆ. ದುರ್ಬಲನಾಗಿದ್ದಲ್ಲಿ ಬಾಗಿಲು ತೆರೆದಿಟ್ಟು ಮಲಗುತ್ತಾರೆ. ಇಲ್ಲಿಯ ಚಳಿಗಾಲದ ಉಪದ್ರವವು ಶೀತದ ತೀಕ್ಷ್ಣತೆಯಿಂದ ಬರುವದಲ್ಲ. ಮುಂಜಾನೆ 13 ಅಂಶವಿದ್ದ ಗಾಳಿಯು ಮಧ್ಯಾಹ್ನಕ್ಕೆ 30ರ ಹತ್ತಿರ ಏರುವ ಹಗಲಿರುಳಿನ ವ್ಯತ್ಯಾಸ, ಅದರ ಫಲವಾದ ಇಬ್ಬನಿ, ಸುಗ್ಗಿಯ ಧೂಳು, ಹೊಲ ಬಿಟ್ಟು ಮನೆಗೆ ಬರುವ ಇಲಿ, ಎಲ್ಲಕ್ಕೂ ಮಿಗಿಲಾಗಿ ಗಾಡಿಯ ಆಲಸ್ಯ, ಇವು ಐದೂ ಕೂಡಿ ಇಲ್ಲಿಯ ಹೇಮಂತದ ದೋಷಗಳು.

ಮನುಷ್ಯನ ಶರೀರಕ್ಕೂ ಯಂತ್ರಕ್ಕೂ ಈ ಋತುವಿನಲ್ಲಿ ಒಂದು ಮುಖ್ಯವಾದ ಭೇದವುಂಟು. ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯಾಧ್ಯಾಯವನ್ನು ಓದಿದವರಿಗೆ ತಿಳಿದಂತೆ, ಹೇಮಂತದಲ್ಲಿ ಹೊರಗಿನ ಶೀತವು ದೇಹದ ಕಾವನ್ನು ಒಳಗೆ ತಡೆಯುವದರಿಂದ ಜಠರಾಗ್ನಿಯು ಪ್ರಬಲವಾಗುವದು. ಅದಕ್ಕೆಂದೇ ಸ್ನಿಗ್ಧವಾದ ಆಹಾರವೂ ಅಭ್ಯಂಗವೂ ವಿಹಿತವಾಗಿವೆ. ಎಳ್ಳು-ಬೆಲ್ಲ, ಸಜ್ಜಿ ರೊಟ್ಟಿ, ಬೆಣ್ಣೆಗಳು ಈ ಸೀಮೆಯ ಚಳಿಗಾಲದ ಊಟದಲ್ಲಿ ಸ್ಥಾನ ಪಡೆದದ್ದು ಇದೇ ನ್ಯಾಯದಿಂದ. ಮೋಟಾರುಗಾಡಿಯ ಸ್ಥಿತಿಯು ಇದಕ್ಕೆ ತೀರ ವಿಪರೀತ. ಅದರ ಅಗ್ನಿಯು ಶೀತಕಾಲದಲ್ಲಿಯೇ ಮಂದವಾಗುವದು. ಆ ಅಗ್ನಿಯ ಬೀಜವು ಬ್ಯಾಟರಿಯಲ್ಲಿದೆ.

ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸ ದೇಶದ ಗಾಸ್ತೋಂ ಪ್ಲಾಂತೆ ಎಂಬಾತನು 1859ರಲ್ಲಿ ನಿರ್ಮಿಸಿದನು. ಮೊದಮೊದಲ ಮೋಟಾರುಗಳನ್ನು ಚಾಲೂ ಮಾಡಲು ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲನ್ನು ಸಿಗಿಸಿ ಕೈಯಿಂದ ತಿರುವಬೇಕಾಗುತ್ತಿತ್ತು. ಯಂತ್ರವು ಹಿಂದಕ್ಕೆ ಒದ್ದರೆ ತಿರುವಿದವನ ಮುಂಗೈ ಮುರಿಯುತ್ತಿತ್ತು. 1912ರಲ್ಲಿ ಅಮೇರಿಕೆಯ ಕ್ಯಾಡಿಲಾಕ್ ಗಾಡಿಗಳಿಗೆ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದಮೇಲೆ ಆ ಕಷ್ಟವು ಕ್ರಮೇಣ ನೀಗಿತು. ತೋಳಿನ ಕೆಲಸವನ್ನು ಬ್ಯಾಟರಿಯು ಹೊತ್ತಿತು. ಅದರ ಶಕ್ತಿಯೆಲ್ಲ ರಸಾಯನಕ್ರಿಯೆಯಿಂದ ಹುಟ್ಟುವದಾದ್ದರಿಂದ ಶೀತ ಹೆಚ್ಚಿದಷ್ಟೂ ಕ್ರಿಯೆಯು ಮಂದವಾಗುತ್ತದೆ. ನೀರು ಹೆಪ್ಪುಗಟ್ಟುವ ಉಷ್ಣತೆಯಲ್ಲಿ ಅದರ ಬಲವು ಸುಮಾರು ಮೂರರಲ್ಲೊಂದು ಪಾಲು ಕುಂದುವದು. ಇಲ್ಲಿಯ ಚಳಿಯಲ್ಲಿ ಅಷ್ಟು ಕುಂದದು. ಅದೇ ಹೊತ್ತಿಗೆ ಎಣ್ಣೆಯು ಗಟ್ಟಿಯಾಗಿ ಯಂತ್ರವನ್ನು ತಿರುವಲು ಹೆಚ್ಚು ಬಲ ಬೇಕಾಗುವದು. ಆದಾಯವು ಇಳಿದಾಗಲೇ ವೆಚ್ಚವು ಏರಿದ ಸಂಸಾರದಂತೆ ಅದರ ಗತಿಯಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಬ್ಯಾಟರಿಯ ಆಯುಷ್ಯವನ್ನು ತಿನ್ನುವದು ಚಳಿಯಲ್ಲ, ಬೇಸಿಗೆ. ಚೈತ್ರ-ವೈಶಾಖಗಳ ಉರಿಯಲ್ಲಿ ಅದರೊಳಗಿನ ನೀರು ಆರುತ್ತದೆ, ಫಲಕಗಳು ಸವೆಯುತ್ತವೆ. ಆಗ ಯಂತ್ರವು ಸುಲಭವಾಗಿ ತಿರುಗುವದರಿಂದ ಆ ಸವೆತವು ಯಾರ ಗಮನಕ್ಕೂ ಬರುವದಿಲ್ಲ. ಮಾರ್ಗಶೀರ್ಷದ ಮೊದಲ ಚಳಿಯ ಮುಂಜಾನೆ ಲೆಕ್ಕವು ಹೊರಬೀಳುತ್ತದೆ. ಜನರು ಚಳಿಯನ್ನು ಬಯ್ಯುತ್ತಾರೆ. ಸಂಚಿತವು ಒಂದು ಕಾಲದ್ದು, ಭೋಗವು ಇನ್ನೊಂದು ಕಾಲದ್ದು.

ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬ ವೃದ್ಧ ಗೃಹಸ್ಥರ ಮನೆಯಲ್ಲಿ ನಡೆದ ಸಂಗತಿಯು ಇಲ್ಲಿ ಹೇಳಲು ಯೋಗ್ಯವಾಗಿದೆ. ಊರಿನಲ್ಲಿ ಇಂಥ ಮನೆಗಳು ಅನೇಕವಿರುವದರಿಂದ ಅವರ ಹೆಸರು ಅವಶ್ಯವಿಲ್ಲ. ರಾಯರು ಕಚೇರಿಯ ಕೆಲಸದಿಂದ ನಿವೃತ್ತರಾದವರು. ಅವರ ಪತ್ನಿಗೆ ಬಹುದಿನದ ಉಬ್ಬಸ. ಒಬ್ಬನೇ ಮಗನು ಅಮೇರಿಕೆಯ ಮಿನೆಸೋಟಾ ಪ್ರಾಂತದಲ್ಲಿದ್ದಾನೆ. ಅವನು ಒಂದು ಸಲ ಊರಿಗೆ ಬಂದಾಗ ಒಂದು ಸಣ್ಣ ಮೋಟಾರನ್ನು ಕೊಂಡು ಅಂಗಳದಲ್ಲಿ ನಿಲ್ಲಿಸಿ, “ಅಪ್ಪಾ, ರಾತ್ರಿ-ಅಪರಾತ್ರಿ ಅವ್ವಗ ಏನಾರ ಆತಂದ್ರ ಇರಲಿ” ಎಂದು ಹೇಳಿ ಹೋಗಿದ್ದನು. ರಾಯರಿಗೆ ಗಾಡಿ ನಡೆಸಲು ಬರುತ್ತಿತ್ತು. ಹೋಗಬೇಕಾದ ಊರುಗಳು ಮಾತ್ರ ಉಳಿದಿರಲಿಲ್ಲ. ತರಕಾರಿಗೆ ಕಾಲುನಡಿಗೆ, ಬ್ಯಾಂಕಿಗೆ ಆಟೋ. ಗಾಡಿಯು ನಿಂತಲ್ಲೇ ನಿಂತಿತು.

ಮಗನು ಪ್ರತಿ ರವಿವಾರ ಫೋನಿನಲ್ಲಿ, “ಗಾಡಿ ಚಾಲೂ ಮಾಡ್ತೀರೇನು?” ಎಂದು ಕೇಳುತ್ತಿದ್ದನು. “ದಿನಾ ಮಾಡ್ತೇನಪಾ” ಎಂದು ರಾಯರು ಉತ್ತರ ಕೊಡುತ್ತಿದ್ದರು. ಅದು ಸುಳ್ಳಾಗಿರಲಿಲ್ಲ. ಪ್ರಾತಃಸಂಧ್ಯೆಯು ಮುಗಿದ ಕೂಡಲೇ ಅವರು ಅಂಗಳಕ್ಕಿಳಿದು, ಗಾಡಿಯಲ್ಲಿ ಕುಳಿತು, ಕೀಲಿಕೈ ತಿರುವಿ, ಯಂತ್ರವು ಗುರುಗುಟ್ಟುವದನ್ನು ಎರಡು ನಿಮಿಷ ಕೇಳಿ, ನಿಲ್ಲಿಸಿ ಒಳಗೆ ಬರುತ್ತಿದ್ದರು. ಅರ್ಘ್ಯ ಕೊಡುವದು ಎಷ್ಟು ತಪ್ಪದೋ ಇದೂ ಅಷ್ಟೇ ತಪ್ಪುತ್ತಿರಲಿಲ್ಲ.

ಪುಷ್ಯಮಾಸದ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಪತ್ನಿಗೆ ಉಸಿರು ಸಿಗದಂತಾಯಿತು. ರಾಯರು ಶಾಲು ಹೊದಿಸಿ ಅವರನ್ನು ಹೊರಗೆ ಕರೆತಂದು ಗಾಡಿಯಲ್ಲಿ ಕುಳ್ಳಿರಿಸಿ ಕೀಲಿಕೈ ತಿರುವಿದರು. ಒಳಗಿನಿಂದ ಕಟಕಟನೆಂಬ ಸಪ್ಪಳವು ಬಂತು. ಮುಂದಿನ ದೀಪಗಳು ಮಿಣುಕಿ ಕೆಂಪಾದವು. ಮತ್ತೆ ತಿರುವಿದರು, ಸಪ್ಪಳವೂ ಬರಲಿಲ್ಲ. 108ಕ್ಕೆ ಫೋನು ಮಾಡಿ, ಅದು ಬರುವವರೆಗೆ ಕಾಯುವ ಧೈರ್ಯ ಸಾಲದೆ, ಎದುರು ಮನೆಯ ಬಾಗಿಲು ಬಡಿದರು. ಆ ಮನೆಯ ತರುಣನು ಬನಿಯನ್ನಿನ ಮೇಲೆಯೇ ಬಂದು ತನ್ನ ಗಾಡಿಯಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದನು. ಆ ತಾಯಿಯು ಬದುಕಿಕೊಂಡರು. ಆದರೆ ಗಾಡಿಯೊಳಗೆ ಆ ಐದಾರು ನಿಮಿಷ ಪಕ್ಕದಲ್ಲಿ ಕುಳಿತವರ ಎದೆಯು ಸೀಟಿಯಂತೆ ಕೂಗುವದನ್ನು ಕೇಳುತ್ತ, ಸತ್ತ ಕೀಲಿಕೈಯನ್ನು ಹಿಡಿದು ಕುಳಿತದ್ದು ರಾಯರಿಗೆ ಮರೆಯುವಂಥದ್ದಲ್ಲ.

ಎರಡು ದಿನ ಬಿಟ್ಟು ಮಿಸ್ತ್ರಿಯು ಬಂದನು. ಬಾನೆಟ್ಟನ್ನು ಎತ್ತಿ, ಮೀಟರಿನ ತಂತಿಗಳನ್ನು ಹಚ್ಚಿ ನೋಡಿ, “ಬ್ಯಾಟರಿ ಪೂರಾ ಕೂತೈತ್ರಿ” ಎಂದನು.

“ದಿನಾ ತಪ್ಪದ ಚಾಲೂ ಮಾಡ್ತಿದ್ದೆನಲ್ಲೋ?”

“ಎಷ್ಟೊತ್ತ ಬಿಡ್ತಿದ್ರಿ?”

“ಎರಡ ನಿಮಿಷ.”

ಮಿಸ್ತ್ರಿಯು ನಕ್ಕನು; ಆದರೆ ಕುಹಕದಿಂದಲ್ಲ. “ರಾಯರ, ಕೊಡದಾಗಿಂದ ಒಂದ ಚರಿಗಿ ನೀರ ತಗೊಂಡು ಒಂದ ಚಮಚಾ ತಿರುಗಿ ಹಾಕಿದಂಗಾತ್ರಿ ಅದು. ದಿನಾ ಹಂಗ ಮಾಡಿದ್ರ ಕೊಡಾ ಎಷ್ಟ ದಿನಾ ಬರತೈತ್ರಿ?”

“ಹಂಗಾದರ ಇಷ್ಟ ದಿನಾ ಮಾಡಿದ್ದೆಲ್ಲಾ ವ್ಯರ್ಥ ಆತೇನು?”

“ವ್ಯರ್ಥ ಅಲ್ರೀ, ಉಲ್ಟಾ ಆತ್ರಿ. ಸುಮ್ಮನ ಬಿಟ್ಟಿದ್ರ ಇನ್ನಷ್ಟ ದಿನಾ ಜೀವಾ ಹಿಡೀತಿತ್ತ್ರಿ.”

ಮಿಸ್ತ್ರಿಯ ಮಾತು ಶಾಸ್ತ್ರಸಮ್ಮತವಾದದ್ದು. ಯಂತ್ರವನ್ನು ಚಾಲೂ ಮಾಡುವ ಆ ಒಂದೆರಡು ಕ್ಷಣಗಳಲ್ಲಿಯೇ ಬ್ಯಾಟರಿಯು ಅತಿ ಹೆಚ್ಚು ಶಕ್ತಿಯನ್ನು ವ್ಯಯಿಸುವದು. ಅದನ್ನು ಮರಳಿ ತುಂಬುವ ಆಲ್ಟರ್ನೇಟರೆಂಬ ಉಪಕರಣವು ಗಾಡಿಯು ನಿಂತಲ್ಲೇ ಮೆಲ್ಲಗೆ ಗುರುಗುಡುವಾಗ ಸ್ವಲ್ಪವೇ ಕೊಡುತ್ತದೆ. ದಾರಿಯಲ್ಲಿ ಓಡುವಾಗ ತಕ್ಕಷ್ಟು ಕೊಡುತ್ತದೆ. ಆದುದರಿಂದ ದಿನಕ್ಕೆ ಎರಡು ನಿಮಿಷದ ಉಪಚಾರಕ್ಕಿಂತ ವಾರಕ್ಕೊಮ್ಮೆ ಅರ್ಧ ತಾಸಿನ ಸಂಚಾರವು ಶ್ರೇಯಸ್ಕರ. ನಿಯಮವನ್ನು ಪಾಲಿಸಿದ ಮಾತ್ರಕ್ಕೆ ಫಲವು ಸಿದ್ಧಿಸದು. ನಿಯಮವು ಏತಕ್ಕೆಂಬದರ ಅರಿವೂ ಬೇಕು. ಆ ರಾಯರು ಈಗ ಪ್ರತಿ ಶನಿವಾರ ಪತ್ನಿಯನ್ನು ಕೂಡ್ರಿಸಿಕೊಂಡು ನುಗ್ಗಿಕೇರಿಯ ಹನುಮಪ್ಪನ ದರ್ಶನಕ್ಕೆ ಹೋಗಿ, ಕಲಘಟಗಿಯ ದಾರಿಯಲ್ಲಿ ಇನ್ನಷ್ಟು ದೂರ ಮುಂದುವರಿದು ತಿರುಗಿ ಬರುತ್ತಾರಂತೆ. ಗಾಡಿಯ ಜೊತೆಗೆ ಆ ತಾಯಿಗೂ ಹೊರಗಿನ ಗಾಳಿಯು ದೊರೆತಂತಾಯಿತು.

ಬ್ಯಾಟರಿಯ ಮಿಕ್ಕ ಉಪಚಾರವು ಸುಲಭವಾದದ್ದು. ಮೂರು ವರ್ಷ ಕಳೆದ ಬ್ಯಾಟರಿಯನ್ನು ದೀಪಾವಳಿಯ ಹೊತ್ತಿಗೆ ಒಮ್ಮೆ ಪರೀಕ್ಷಿಸಿ ನೋಡುವದು ವಿಹಿತ. ರಾತ್ರಿಯೆಲ್ಲ ವಿಶ್ರಮಿಸಿದ ಪೂರ್ಣ ಬ್ಯಾಟರಿಯು ಮೀಟರಿನಲ್ಲಿ ಸುಮಾರು 12.6 ವೋಲ್ಟನ್ನು ತೋರಿಸಬೇಕು; 12.2ರ ಕೆಳಗೆ ಇಳಿದಿದ್ದರೆ ಅದು ಅರೆಹೊಟ್ಟೆಯಲ್ಲಿದೆಯೆಂದು ಅರ್ಥ. ತುದಿಗಳಲ್ಲಿ ಬೆಳ್ಳಗೆ ಇಲ್ಲವೆ ನೀಲಿಯಾಗಿ ಬೂಷ್ಟಿನಂಥ ಪುಡಿಯು ಬೆಳೆದಿದ್ದರೆ, ತಂತಿಗಳನ್ನು ಬಿಡಿಸಿ, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರಸಿ, ಬಿಗಿದು, ತುಸು ವ್ಯಾಸಲೀನು ಸವರಬೇಕು. ನೀರು ಹಾಕತಕ್ಕ ಜಾತಿಯ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ತಿಂಗಳುಗಟ್ಟಲೆ ಊರು ಬಿಡುವವರು ಒಂದು ತುದಿಯ ತಂತಿಯನ್ನು ಬಿಚ್ಚಿಸಿಟ್ಟು ಹೋಗುವದು ಒಳಿತು. ಏಕೆಂದರೆ ಗಾಡಿಯು ನಿಂತಾಗಲೂ ಅದರೊಳಗಿನ ಗಡಿಯಾರ, ಕಳ್ಳಗಂಟೆ ಮೊದಲಾದವು ಹನಿಹನಿಯಾಗಿ ಹೀರುತ್ತಲೇ ಇರುವವು.

ಇನ್ನು ಎಣ್ಣೆಯ ವಿಷಯ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ವೆಂಬ ಒಂದೇ ಶಬ್ದವಿದೆ. ಲೋಹಕ್ಕೂ ಲೋಹಕ್ಕೂ ನಡುವೆ ಸ್ನೇಹವಿಲ್ಲದಿದ್ದರೆ ಉಜ್ಜಾಟವೇ ಗತಿಯೆಂಬದನ್ನು ಮೋಟಾರು ಕಂಡವರೇ ಈ ಶಬ್ದವನ್ನು ಕಟ್ಟಿದರೋ ಎನ್ನಿಸುತ್ತದೆ. ಎಣ್ಣೆಯ ಡಬ್ಬಿಗಳ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-50 ಎಂಬ ಬರಹಗಳಿರುತ್ತವೆ. ಆ ‘ಡಬ್ಲ್ಯೂ’ ಎಂಬದು ಆಂಗ್ಲ ಭಾಷೆಯ ಚಳಿಗಾಲವೆಂಬ ಶಬ್ದದ ಮೊದಲಕ್ಷರ. ಅದರ ಹಿಂದಿನ ಅಂಕೆಯು ಚಿಕ್ಕದಾದಷ್ಟೂ ಎಣ್ಣೆಯು ಶೀತದಲ್ಲಿ ತೆಳ್ಳಗಿದ್ದು ಬೇಗನೆ ಹರಿಯುವದು. ಮುಂದಿನ ಅಂಕೆಯು ಕಾವೇರಿದಾಗಿನ ಗಟ್ಟಿತನವನ್ನು ಸೂಚಿಸುವದು. ಧಾರವಾಡದ ಚಳಿಗೆ ಬೇರೆಯ ಎಣ್ಣೆಯನ್ನು ಹುಡುಕುತ್ತ ಹೋಗಬೇಕಾಗಿಲ್ಲ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನು ಹಾಕಿ, ಅವಧಿಗೆ ಸರಿಯಾಗಿ ಬದಲಿಸಿದರೆ ಸಾಕು. ಹಳೆಯ ಎಣ್ಣೆಯು ಮಸಿಗಟ್ಟಿ ಹರಿಯಲೊಲ್ಲದೆ ಇದ್ದಾಗಲೇ ಮುಂಜಾನೆಯ ತೊಂದರೆಯು ಹುಟ್ಟುವದು.

ಯಂತ್ರವು ರಾತ್ರಿಯೆಲ್ಲ ನಿಂತಾಗ ಎಣ್ಣೆಯು ತಳಕ್ಕೆ ಇಳಿದಿರುತ್ತದೆ. ಚಾಲೂ ಆದ ಮೊದಲ ಕ್ಷಣಗಳಲ್ಲಿ ಮೇಲಿನ ಭಾಗಗಳು ಬಹುಮಟ್ಟಿಗೆ ಒಣಗಿಯೇ ತಿರುಗುವವು. ಆಗ ಒಮ್ಮೆಲೆ ವೇಗವನ್ನು ಕೊಟ್ಟು ಅಬ್ಬರಿಸುವದು, ನಿದ್ದೆಯಿಂದೆದ್ದ ಮುದುಕನನ್ನು ಓಡಲು ಹಚ್ಚಿದಂತೆ. ಅರ್ಧ ನಿಮಿಷ ಇಲ್ಲವೆ ಒಂದು ನಿಮಿಷ ಸುಮ್ಮನಿರಿಸಿ, ಮೊದಲ ಒಂದೆರಡು ಮೈಲು ಸಾವಕಾಶವಾಗಿ ನಡೆಸಿದರೆ ಯಂತ್ರವು ತಾನೇ ಬೆಚ್ಚಗಾಗುವದು. ಹದಿನೈದು ನಿಮಿಷ ನಿಂತಲ್ಲೇ ಕಾಯಿಸುವ ಹಳೆಯ ರೂಢಿಯು ಹೊಸ ಗಾಡಿಗಳಿಗೆ ಬೇಕಿಲ್ಲ. ಅದರಿಂದ ಎಣ್ಣೆಯು ವ್ಯರ್ಥ, ಹೊಗೆಯು ಅಧಿಕ.

ಹೊಗೆಯ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಚಳಿಯೆಂದು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಒಳಗೆ ಗಾಡಿಯನ್ನು ಚಾಲೂ ಮಾಡುವದು ಮೃತ್ಯುವನ್ನು ಆಹ್ವಾನಿಸುವದೇ ಸರಿ. ಗಾಡಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸಿ, ಮನುಷ್ಯನಿಗೆ ತಿಳಿಯದಂತೆ ಅವನನ್ನು ಮಲಗಿಸಿಬಿಡುತ್ತದೆ. ಮೊದಲು ಬಾಗಿಲು ತೆರೆಯಬೇಕು. ಬಳಿಕ ಕೀಲಿಕೈ ತಿರುವಬೇಕು. ಜಾತ್ರೆ-ಪ್ರವಾಸಗಳಲ್ಲಿ ಗಾಜು ಏರಿಸಿ, ಯಂತ್ರವನ್ನು ಚಾಲೂ ಇಟ್ಟು ಒಳಗೆ ಮಲಗುವವರಿಗೂ ಇದೇ ಮಾತು.

ಚಳಿಯ ಮುಂಜಾನೆ ಸೈಲೆನ್ಸರಿನ ತುದಿಯಿಂದ ಬಿಳಿಯ ಆವಿಯು ಹೊರಟು ನೀರು ತೊಟ್ಟಿಕ್ಕುವದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಇದು ರೋಗವಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರೇ ಆವಿಯಾಗಿ ಹುಟ್ಟುತ್ತದೆ. ಬೇಸಿಗೆಯಲ್ಲಿ ಕಾಣದ ಅದು ಚಳಿಯಲ್ಲಿ ಕಾಣಿಸುತ್ತದೆ, ಅಷ್ಟೆ. ಯಂತ್ರವು ಕಾದ ಮೇಲೂ ದಟ್ಟವಾದ ಬಿಳಿ ಹೊಗೆಯು ನಿಲ್ಲದೆ, ಅದಕ್ಕೆ ಸಿಹಿಯಾದ ವಾಸನೆಯಿದ್ದರೆ ಮಾತ್ರ ಕೂಲಂಟು ಒಳಗೆ ಸೋರುತ್ತಿದೆಯೆಂದು ಶಂಕಿಸಿ ಮಿಸ್ತ್ರಿಯಲ್ಲಿಗೆ ಒಯ್ಯಬೇಕು. ಆ ಕೂಲಂಟೆಂಬದು ನೀರಿಗೆ ಗ್ಲಾಯ್ಕಾಲ್ ಬೆರೆಸಿದ ದ್ರವ. ಸಮಪಾಲಿನಲ್ಲಿ ಬೆರೆತಾಗ ಅದು ಸೊನ್ನೆಗಿಂತ 35 ಅಂಶ ಕೆಳಗಾದರೂ ಹೆಪ್ಪುಗಟ್ಟದು. ಹಾಗಾದರೆ ಇಲ್ಲಿ ಅದರ ಕೆಲಸವೇನೆಂದರೆ, ಕುದಿಯುವ ಮಟ್ಟವನ್ನು ಏರಿಸುವದು ಮತ್ತು ಒಳಗಿನ ಲೋಹವನ್ನು ತುಕ್ಕಿನಿಂದ ಕಾಯುವದು. ಚಳಿಗಾಲದಲ್ಲಿ ಬೇಡವೆಂದು ನಳದ ನೀರನ್ನು ತುಂಬಿದವರು ಬೇಸಿಗೆಯಲ್ಲಿ ಪಶ್ಚಾತ್ತಾಪ ಪಡಬೇಕಾಗುವದು.

ಚಕ್ರಗಳ ಗಾಳಿಯೂ ಋತುವಿಗೆ ತಕ್ಕಂತೆ ಸಂಕೋಚ-ವಿಕಾಸಗಳನ್ನು ಹೊಂದುವದು. ಉಷ್ಣತೆಯು 10 ಅಂಶ ಇಳಿದರೆ ಸುಮಾರು ಎರಡು ಪೌಂಡಿನಷ್ಟು ಒತ್ತಡವು ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ತುಂಬಿಸಿದ ಹವೆಯನ್ನು ನಂಬಿ ಜನವರಿಯ ಮುಂಜಾನೆ ಹೊರಟವನ ಗಾಡಿಯು ಎಳೆದಂತೆ ಓಡುತ್ತದೆ. ಟೈರಿನ ಅಂಚುಗಳು ಸವೆಯುತ್ತವೆ. ಹದಿನೈದು ದಿನಕ್ಕೊಮ್ಮೆ, ಗಾಡಿಯು ಇನ್ನೂ ತಣ್ಣಗಿರುವಾಗ, ಮನೆಗೆ ಸಮೀಪದ ಪಂಕ್ಚರ್ ಅಂಗಡಿಯಲ್ಲಿ ಅಳತೆ ಮಾಡಿಸಬೇಕು. ಸ್ಟೆಪ್ನಿಯನ್ನೂ ಮರೆಯಲಾಗದು, ಅದು ಆಪತ್ಕಾಲದ ನೆಂಟ.

ಇಬ್ಬನಿ ಮತ್ತು ಧೂಳುಗಳ ಸಂಯೋಗವು ಈ ಅವಳಿನಗರದ ವಿಶೇಷ. ಮಲೆನಾಡೂ ಬಯಲುಸೀಮೆಯೂ ಕೈಕೂಡಿಸುವ ಈ ಎಡೆಯಲ್ಲಿ, ಧಾರವಾಡದ ಪಡುವಣ ದಿಕ್ಕಿಗೆ ಕೆಂಪು ಮಣ್ಣು, ಹುಬ್ಬಳ್ಳಿಯ ಮೂಡಣ ದಿಕ್ಕಿಗೆ ಕರಿಯ ಎರೆಮಣ್ಣು. ಹಗಲೆಲ್ಲ ಈ ಧೂಳು ಗಾಡಿಯ ಮೇಲೆ ಕೂಡ್ರುವದು. ರಾತ್ರಿ ಇಬ್ಬನಿಯು ಅದನ್ನು ಕಲಸಿ ಲೇಪನ ಮಾಡುವದು. ಮುಂಜಾನೆ ಅವಸರದಲ್ಲಿ ಒಣ ಅರಿವೆಯಿಂದ ತಿಕ್ಕಿದರೆ ಧೂಳಿನೊಳಗಿನ ಹರಳುಗಳು ಬಣ್ಣದ ಮೇಲೆ ಗೀರು ಹಾಕುವವು. ಒಣಗಿದ ವೈಪರನ್ನು ಗಾಜಿನ ಮೇಲೆ ಆಡಿಸಿದರೂ ಅದೇ ಗತಿ. ಆ ಗೀರುಗಳು ಹಗಲು ಕಾಣುವದಿಲ್ಲ. ರಾತ್ರಿ ಎದುರಿನ ಗಾಡಿಯ ದೀಪವು ಬಿದ್ದಾಗ ಗಾಜೆಲ್ಲ ಜೇಡರ ಬಲೆಯಂತೆ ಹೊಳೆದು ದಾರಿಯನ್ನೇ ಮರೆಮಾಡುವದು. ಮೊದಲು ಒಂದು ಚರಿಗೆ ನೀರು, ಬಳಿಕ ಒದ್ದೆಯ ಅರಿವೆ, ಕೊನೆಗೆ ಒಣ ಅರಿವೆ, ಇದೇ ಕ್ರಮ.

ಗಾಜಿನ ಒಳಮಗ್ಗುಲಿಗೆ ಮಸುಕು ಕವಿಯುವದು ಬೇರೆಯ ಸಂಗತಿ. ಅದು ಒಳಗೆ ಕುಳಿತವರ ಉಸಿರಿನ ತೇವ. ಅಂಗೈಯಿಂದ ಒರಸುತ್ತ ಹೋದರೆ ಮತ್ತೆ ಮತ್ತೆ ಕವಿಯುವದಲ್ಲದೆ ಕೈಯ ಜಿಡ್ಡೂ ಹತ್ತುವದು. ಹೊರಗಿನ ಗಾಳಿಯನ್ನು ಒಳಬಿಟ್ಟು, ಗಾಜಿನ ಕಡೆಗೆ ಗಾಳಿಯನ್ನು ತಿರುಗಿಸಿ, ಎ.ಸಿ.ಯನ್ನು ಹಚ್ಚಿದರೆ ಕ್ಷಣಾರ್ಧದಲ್ಲಿ ತಿಳಿಯಾಗುವದು. ಚಳಿಯಲ್ಲಿ ಎ.ಸಿ. ಏಕೆಂದು ಮನೆಯ ಹಿರಿಯರು ಗೊಣಗಬಹುದು. ಆ ಯಂತ್ರವು ಗಾಳಿಯನ್ನು ತಂಪುಮಾಡುವದರ ಜೊತೆಗೆ ಅದರೊಳಗಿನ ತೇವವನ್ನೂ ಹಿಂಡಿ ತೆಗೆಯುವದೆಂದು ಅವರಿಗೆ ತಿಳಿಹೇಳಬೇಕು.

ಸುಗ್ಗಿಯಲ್ಲಿ ಹೊಲಗಳು ಬರಿದಾದೊಡನೆ ಇಲಿಗಳು ಕಾಳು ಮತ್ತು ಕಾವುಗಳನ್ನು ಅರಸಿ ಊರೊಳಗೆ ಬರುತ್ತವೆ. ಆಗತಾನೆ ಬಂದು ನಿಂತ ಗಾಡಿಯ ಬಾನೆಟ್ಟಿನ ಒಳಗಿಗಿಂತ ಬೆಚ್ಚನೆಯ ಮನೆ ಅವಕ್ಕೆ ಎಲ್ಲಿ ದೊರೆಯಬೇಕು? ಬಾಣಂತನವೂ ಅಲ್ಲಿಯೇ ಆಗುವದು. ಹಲ್ಲು ಮಸೆಯಲು ತಂತಿಗಳಿರುತ್ತವೆ. ಕೆಲವರು ತಂಬಾಕಿನ ಎಲೆಯನ್ನೂ ಕೆಲವರು ನುಸಿಗುಳಿಗೆಯನ್ನೂ ಇಡುತ್ತಾರೆ. ವಾಸನೆಯು ಆರಿದ ಮೇಲೆ ಇಲಿಯು ಅದರ ಪಕ್ಕದಲ್ಲಿಯೇ ಮಲಗುವದುಂಟು. ಕಾಳಿನ ಚೀಲ ಮತ್ತು ಕಸದ ಗುಂಪಿಗೆ ದೂರದಲ್ಲಿ ಗಾಡಿಯನ್ನು ನಿಲ್ಲಿಸುವದು, ಒಳಗೆ ಅವಲಕ್ಕಿ-ಶೇಂಗಾಗಳ ಚೂರು ಉಳಿಯದಂತೆ ಗುಡಿಸುವದು, ವಾರಕ್ಕೊಮ್ಮೆ ಬಾನೆಟ್ಟನ್ನು ಎತ್ತಿ ನೋಡುವದು, ಇವೇ ನೆಚ್ಚತಕ್ಕ ಉಪಾಯಗಳು. ಬೀದಿಯ ನಾಯಿಮರಿಗಳೂ ಬೆಕ್ಕುಗಳೂ ಕಾವಿಗಾಗಿ ಗಾಲಿಯ ಸಂದಿನಲ್ಲಿ ಮಲಗಿರುತ್ತವೆ. ಹೊರಡುವ ಮುಂಚೆ ಬಾನೆಟ್ಟಿನ ಮೇಲೆ ಎರಡು ಸಲ ಬಡಿದು, ಬಗ್ಗಿ ನೋಡಿದರೆ ಒಂದು ಜೀವವು ಉಳಿಯುವದು.

ಅಂಗಳದಿಂದ ದಾರಿಗಿಳಿದ ಮೇಲೂ ಹೇಮಂತದ ನಿಯಮಗಳು ಮುಗಿಯುವದಿಲ್ಲ. ಇದೇ ಕಾಲದಲ್ಲಿ ಕಬ್ಬು ಹೇರಿದ ಟ್ರಾಕ್ಟರುಗಳು ಹಿಂದೆ ದೀಪವಿಲ್ಲದೆ ಹಳಿಯಾಳದ ದಾರಿಯಲ್ಲಿಯೂ ಬೆಳಗಾವಿಯ ದಾರಿಯಲ್ಲಿಯೂ ರಾತ್ರಿಯೆಲ್ಲ ನಡೆಯುತ್ತಿರುತ್ತವೆ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತವೆ. ಮಂಜಿನಲ್ಲಿ ಎತ್ತರದ ದೀಪವನ್ನು ಹಚ್ಚಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಮರಳುವದು. ತಗ್ಗಿನ ದೀಪವನ್ನೇ ಹಚ್ಚಬೇಕು. ಹುರುಳಿ ಮೊದಲಾದ ಬೆಳೆಯನ್ನು ಒಕ್ಕಲೆಂದು ಡಾಂಬರಿನ ಮೇಲೆ ಹರವಿದ ದಾರಿಗಳಲ್ಲಿ ಗಾಡಿಯನ್ನು ಹಾಯಿಸುವದು ಅಪಾಯಕರ. ಒಣ ಬಳ್ಳಿಯು ಗಾಲಿಯ ಅಚ್ಚಿಗೆ ಸುತ್ತಿಕೊಂಡು, ಕೆಂಡದಂತೆ ಕಾದ ಸೈಲೆನ್ಸರಿಗೆ ತಗಲಿ, ಕಾರುಗಳು ಹೊತ್ತಿ ಉರಿದ ಪ್ರಸಂಗಗಳು ಈ ರಾಜ್ಯದಲ್ಲಿ ನಡೆದಿವೆ. ದಾಟಲೇಬೇಕಾಗಿ ಬಂದರೆ, ದಾಟಿದ ಕೂಡಲೇ ಇಳಿದು ಅಡಿಗೆ ನೋಡಬೇಕು. 2021ರ ಸಂಕ್ರಮಣದ ಮರುದಿನ, ಜನವರಿ 15ರ ಮುಂಜಾನೆ, ಹುಬ್ಬಳ್ಳಿ-ಧಾರವಾಡದ ಬೈಪಾಸ್ ದಾರಿಯಲ್ಲಿ ಇಟಿಗಟ್ಟಿಯ ಹತ್ತಿರ ನಡೆದ ಅಪಘಾತದಲ್ಲಿ ಹತ್ತಕ್ಕೂ ಹೆಚ್ಚು ಪ್ರವಾಸಿಗರು ಪ್ರಾಣ ಕಳೆದುಕೊಂಡದ್ದನ್ನು ಈ ಊರವರು ಮರೆತಿಲ್ಲ. ಅದರ ದೋಷವನ್ನು ಚಳಿಯ ಮೇಲೆ ಹೊರಿಸುವ ಕಾರಣವಿಲ್ಲ. ಆದರೆ ಹಬ್ಬದ ಉತ್ಸಾಹವೂ ನಸುಕಿನ ನಿದ್ದೆಯೂ ಒಂದೇ ಗಾಡಿಯಲ್ಲಿ ಕುಳಿತು ಹೊರಡುವ ಕಾಲವಿದೆಂಬ ನೆನಪು ಸಾರಥಿಗೆ ಇರಲಿ.

ವಿದ್ಯುತ್ತಿನಿಂದಲೇ ಓಡುವ ಹೊಸ ಗಾಡಿಗಳನ್ನು ಕೊಂಡವರು ತಮಗೆ ಈ ಗೋಜಿಲ್ಲವೆಂದು ಭಾವಿಸಬಾರದು. ಶೀತದಲ್ಲಿ ಅವುಗಳ ಓಟದ ದೂರವೂ ತುಸು ಕುಗ್ಗುವದು. ಅವುಗಳ ಹೊಟ್ಟೆಯಲ್ಲಿಯೂ ದೀಪ-ಬೀಗಗಳಿಗಾಗಿ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಇದ್ದೇ ಇರುವದು. ಅದು ಕುಳಿತರೆ ದೊಡ್ಡ ಬ್ಯಾಟರಿಯು ತುಂಬಿದ್ದರೂ ಗಾಡಿಯು ಏಳಲಾರದು.

ಕಠೋಪನಿಷತ್ತು ಶರೀರವನ್ನು ರಥಕ್ಕೆ ಹೋಲಿಸಿ, ಬುದ್ಧಿಯನ್ನು ಸಾರಥಿಯೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ಬಣ್ಣಿಸಿದೆ. ಆ ಕುದುರೆಗಳಿಗೆ ನೀರು-ಮೇವು ಕೊಡುವವನ ಮಾತು ಬರುವದು ಭಾರತದಲ್ಲಿ. ಜಯದ್ರಥನನ್ನು ಸೂರ್ಯಾಸ್ತದೊಳಗೆ ಕೊಲ್ಲುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದ ದಿವಸ ಒಂದೊಂದು ಗಳಿಗೆಯೂ ಅಮೂಲ್ಯವಾಗಿತ್ತು. ಆದರೂ ಕುದುರೆಗಳು ಬಳಲಿದವೆಂದು ಕಂಡೊಡನೆ ಶ್ರೀಕೃಷ್ಣನು ರಣರಂಗದ ನಟ್ಟನಡುವೆ ರಥವನ್ನು ನಿಲ್ಲಿಸಿ, ಅವುಗಳನ್ನು ಬಿಚ್ಚಿ, ಮೈಗೆ ನೆಟ್ಟ ಬಾಣಗಳನ್ನು ಕಿತ್ತು, ಮೈ ತಿಕ್ಕಿ, ಅರ್ಜುನನು ಬಾಣದಿಂದ ತೆಗೆದ ಕೊಳದ ನೀರನ್ನು ಕುಡಿಸಿದನು. ಆ ದಿವಸ ಕೂಡ ಅದಕ್ಕೆ ಸಮಯವಿಲ್ಲವೆಂದು ಅವನು ಹೇಳಲಿಲ್ಲ. ಶನಿವಾರದ ಅರ್ಧ ತಾಸು, ಹದಿನೈದು ದಿನಕ್ಕೊಮ್ಮೆ ಹವೆ, ಮುಂಜಾನೆ ಒಂದು ಚರಿಗೆ ನೀರು, ಇಷ್ಟಕ್ಕೆ ಯಾವ ಗೃಹಸ್ಥನಿಗೂ ಬಿಡುವಿಲ್ಲದಿರದು. ಹೆಂಗಸರಿಗೂ ಬೆಳೆದ ಮಕ್ಕಳಿಗೂ ಇವನ್ನು ಕಲಿಸಿಡುವದು ಇನ್ನೂ ಒಳಿತು. ಆಪತ್ತು ಬರುವಾಗ ಮನೆಯ ಯಜಮಾನನು ಮನೆಯಲ್ಲಿಯೇ ಇರುವನೆಂಬ ನಿಶ್ಚಯವಿಲ್ಲ. ಮಕರ ಸಂಕ್ರಮಣವು ಕಳೆದು ಮಾಘವು ಮುಗಿಯುವವರೆಗೆ ಈ ವ್ರತವನ್ನು ನಡೆಸಿದವರಿಗೆ ಬೇಸಿಗೆಯಲ್ಲಿಯೂ ಅದು ರೂಢಿಯಾಗಿ ಉಳಿಯುವದು.